ಮೊದಲು ಆಟಿಕೆ ಕಪಾಟಿನ ಬೀಗ ತೆಗೆಯಿರಿ: ಮಕ್ಕಳ ಮ್ಯೂಸಿಯಂ ಕುರಿತು ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕಾಸರಗೋಡು ಜಿಲ್ಲಾ ಪಂಚಾಯತಿನ ಅಧ್ಯಕ್ಷರು ಮತ್ತು ಸದಸ್ಯರು,
ಜಿಲ್ಲೆಯ ನಗರಸಭೆ, ಬ್ಲಾಕ್ ಪಂಚಾಯತು ಮತ್ತು ಗ್ರಾಮ ಪಂಚಾಯತುಗಳ ಆಡಳಿತ ಸಮಿತಿಗಳು

ಮಾನ್ಯರೇ,

ಮಕ್ಕಳು ಮುಟ್ಟಿ, ಬಿಚ್ಚಿ, ಜೋಡಿಸಿ, ನೀರು ಹೊಯ್ದು, ಮಣ್ಣು ಕಲಸಿ ಕಲಿಯುವಂಥ ಒಂದು ಮ್ಯೂಸಿಯಂ ನಮ್ಮ ಜಿಲ್ಲೆಗೆ ಬೇಕು. ಮುಂದಿನ ವಾರ್ಷಿಕ ಯೋಜನೆಗಾಗಿ ಗ್ರಾಮಸಭೆಗಳು ಸೇರುವ ಮೊದಲೇ ಈ ಬೇಡಿಕೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ. ಜೊತೆಗೆ ಒಂದು ಕೋರಿಕೆ: ದಯವಿಟ್ಟು ಕಟ್ಟಡದಿಂದ ಶುರುಮಾಡಬೇಡಿ. ಪೇಟೆಯ ನಡುವೆ ದೊಡ್ಡ ಕಟ್ಟಡ ಎದ್ದು, ಒಳಗೆ ಗಾಜಿನ ಕಪಾಟುಗಳು ಕೂತು, ಹೊರಗೆ ಟಿಕೆಟು ಕೌಂಟರು ತೆರೆದರೆ ಅಲ್ಲಿಗೆ ಬರುವವರು ಕಾರಿದ್ದ ಮನೆಯ ಮಕ್ಕಳು, ಮತ್ತೆ ವರ್ಷಕ್ಕೊಮ್ಮೆ ಶಾಲಾ ಪ್ರವಾಸದ ಬಸ್ಸಿನವರು. ಎಣ್ಮಕಜೆಯ ಗುಡ್ಡದ ಮೇಲಿನ ಮನೆಯಿಂದ, ದೇಲಂಪಾಡಿಯ ಕಾಡಂಚಿನಿಂದ, ಮಂಜೇಶ್ವರದ ಕಡಲ ಕರೆಯಿಂದ ಒಂದು ಮಗು ಅಪ್ಪ ಅಮ್ಮನ ಜೊತೆ ಬಂದು ಅರ್ಧ ದಿನ ಆಡಿ ಹೋಗಬೇಕಿದ್ದರೆ ಏನೇನು ಬೇಕು? ಅದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಗೋಡೆ ಕಟ್ಟೋಣ.

ಮಕ್ಕಳ ಮ್ಯೂಸಿಯಂ ಹೊಸ ವಿಚಾರವೇನಲ್ಲ. ಮೊದಲನೆಯದು 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೆರೆಯಿತು. ಬಾಸ್ಟನ್ನಿನದು 1913ರಲ್ಲಿ, ವಿಜ್ಞಾನ ಅಧ್ಯಾಪಕರ ಪ್ರಯತ್ನದಿಂದ. 1960ರ ದಶಕದಲ್ಲಿ ಅಲ್ಲಿನ ನಿರ್ದೇಶಕರಾಗಿದ್ದ ಮೈಕೆಲ್ ಸ್ಪಾಕ್ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಿಂದ ಹೊರತಂದು ಮಕ್ಕಳ ಕೈಗೆ ಕೊಟ್ಟರು. ಇವತ್ತು ಜಗತ್ತಿನ ಮಕ್ಕಳ ಮ್ಯೂಸಿಯಂಗಳು ನಡೆಯುತ್ತಿರುವುದು ಆ ದಾರಿಯಲ್ಲೇ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ತೆರೆದು ಆಟದ ಮೂಲಕ ಪಾಠ ನಡೆಸಿದ್ದರು. ನಮ್ಮ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿದೆ, ಮಂಗಳೂರಿನಾಚೆ ಪಿಲಿಕುಳದ ವಿಜ್ಞಾನ ಕೇಂದ್ರವಿದೆ. ಮಕ್ಕಳಿಗೆ ಆಟದ ಹಕ್ಕಿದೆ ಎಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದುದರಿಂದ ‘ಏಕೆ’ ಎಂಬ ಪ್ರಶ್ನೆಯಲ್ಲಿ ಹೊತ್ತು ಕಳೆಯುವುದಿಲ್ಲ. ‘ಹೇಗೆ’ ಎಂಬುದರಲ್ಲೇ ಎಲ್ಲ ಇರುವುದು.

ಹೊಸದಾಗಿ ಏನನ್ನೂ ಕೊಳ್ಳುವ ಮೊದಲು ಬಗೆಹರಿಸಬೇಕಾದ ಒಂದು ಸಂಗತಿ ಇದೆ. ಅಂಗನವಾಡಿಗಳಿಗೂ ಶಾಲೆಗಳಿಗೂ ಆಟಿಕೆಗಳು ಬರುತ್ತವೆ. ಬಂದ ದಿನವೇ ಅವು ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗುತ್ತವೆ: ಬ್ಲಾಕು 50, ಮಣಿ 200, ಬೊಂಬೆ 6. ಮುಂದೆ ತಪಾಸಣೆಗೆ ಬಂದವರು ಎಣಿಸಿದಾಗ ಮಣಿ 183 ಇದ್ದರೆ ಉತ್ತರ ಹೇಳಬೇಕಾದವರು ಟೀಚರು. ಮಕ್ಕಳ ಕೈಗೆ ಕೊಟ್ಟ ಮಣಿ ಕಳೆದೇ ಕಳೆಯುತ್ತದೆ. ಕೆಲವು ಚಡ್ಡಿ ಕಿಸೆಯಲ್ಲಿ ಮನೆಗೆ ಹೋಗುತ್ತವೆ, ಕೆಲವು ಅಂಗಳದ ಮಣ್ಣಿನಲ್ಲಿ ಹೂತುಹೋಗುತ್ತವೆ. ಹಾಗಾಗಿ ಎಷ್ಟೋ ಕಡೆ ಟೀಚರುಗಳು ಆಟಿಕೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಅವರನ್ನು ದೂರುವಂತಿಲ್ಲ. ಆಟಿಕೆಯನ್ನು ಮೇಜು ಕುರ್ಚಿಯ ಸಾಲಿಗೆ ಸೇರಿಸಿದ ನಿಯಮವೇ ಆ ಬೀಗವನ್ನು ಹಾಕಿಸಿದೆ.

ಇದಕ್ಕೆ ಮದ್ದು ಒಂದು ಪುಟದ ಆದೇಶ. ಆಟಿಕೆ ಮತ್ತು ಕಲಿಕಾ ಸಾಮಗ್ರಿಗಳನ್ನು ಸೀಮೆಸುಣ್ಣ, ಬಣ್ಣದ ಕಾಗದಗಳ ಹಾಗೆ ಬಳಸಿ ಸವೆಯುವ ವಸ್ತುಗಳೆಂದು ಪರಿಗಣಿಸಬೇಕು. ವರ್ಷಕ್ಕೆ ನೂರಕ್ಕೆ ಇಪ್ಪತ್ತರಷ್ಟು ಕಳೆದುಹೋದರೂ ಮುರಿದರೂ ಟೀಚರು ಮತ್ತು ಒಬ್ಬರು ತಾಯಿಯ ಸಹಿಯಲ್ಲಿ ಅದನ್ನು ಲೆಕ್ಕದಿಂದ ತೆಗೆಯುವಂತಿರಬೇಕು, ವಿವರಣೆ ಕೇಳಬಾರದು. ವರ್ಷದ ಕೊನೆಗೆ ಏನೂ ಸವೆಯದೆ, ಏನೂ ಕಳೆಯದೆ ಇದ್ದರೆ ಆಗ ಕೇಳಬೇಕು, ಮಕ್ಕಳು ಆಡಿದ್ದಾರೆಯೇ ಎಂದು. ಜಿಲ್ಲಾ ಪಂಚಾಯತು, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಮತ್ತು ಆಡಿಟ್ ಇಲಾಖೆಯವರು ಒಮ್ಮೆ ಒಟ್ಟಿಗೆ ಕೂತರೆ ಆಗುವ ಕೆಲಸ ಇದು. ಇದಾಗದೆ ಎಷ್ಟು ಲಕ್ಷದ ಸಾಮಾನು ತರಿಸಿದರೂ ಅದು ಹೋಗುವುದು ಅದೇ ಕಪಾಟಿಗೆ.

ಬೀಗ ತೆಗೆದ ಮೇಲೆ ಎರಡನೇ ಹೆಜ್ಜೆ, ಊರೂರಿಗೆ ಹೋಗುವ ಪೆಟ್ಟಿಗೆ. ಕೇರಳದ ಗ್ರಾಮ ಗ್ರಂಥಾಲಯಗಳ ಜಾಲ ದೊಡ್ಡದು, ಅವುಗಳಲ್ಲಿ ಬಾಲವೇದಿಗಳೆಂಬ ಮಕ್ಕಳ ಕೂಟಗಳಿವೆ, ಮಹಿಳೆಯರ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಬಾಲಸಭೆಗಳಿವೆ, ವಾರ್ಡಿಗೆ ವಾರ್ಡಿಗೆ ಅಂಗನವಾಡಿ ಇದೆ. ಜಾಗ, ಜನ, ಮಕ್ಕಳು ಮೂರೂ ಇರುವಲ್ಲಿಗೆ ವಸ್ತು ಹೋದರೆ ಸಾಕು. ಹತ್ತು ಸೆಟ್ಟು ಮಾಡಿಸಿ, ಹತ್ತು ಕಡೆ ಇಟ್ಟು, ನಾಲ್ಕು ವಾರಕ್ಕೊಮ್ಮೆ ಪಕ್ಕದ ಕೇಂದ್ರಕ್ಕೆ ದಾಟಿಸಿದರೆ ಒಂದೇ ವರ್ಷದಲ್ಲಿ ಪ್ರತಿ ಕೇಂದ್ರದ ಮಕ್ಕಳಿಗೂ ಹತ್ತು ಬಗೆಯ ಆಟ ಸಿಗುತ್ತದೆ. ಒಂದು ಸೆಟ್ಟು ಎಂದರೆ ಎರಡು ಪೆಟ್ಟಿಗೆ, ಒಂದೊಂದೂ 10 ಕಿಲೋ ಮೀರಬಾರದು. ಹೆಚ್ಚಾದರೆ ರಿಕ್ಷಾದಿಂದ ಇಳಿಸಿ ಅಂಗಳ ದಾಟಿಸಲು ಟೀಚರೊಬ್ಬರಿಂದ ಆಗುವುದಿಲ್ಲ, ಮತ್ತೆ ಪೆಟ್ಟಿಗೆ ಒಂದೇ ಕಡೆ ಬೇರು ಬಿಡುತ್ತದೆ.

ಹತ್ತು ಸೆಟ್ಟಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಆಟಗಳಿರಲಿ, ಬ್ಲಾಕುಗಳ ಪೆಟ್ಟಿಗೆ ಮಾತ್ರ ಎಲ್ಲದರಲ್ಲೂ ಇರಲಿ. ಮರದ ಬ್ಲಾಕು 40: ಇಡೀ ಅಳತೆಯವು 16, ಅರ್ಧದವು 16, ಎರಡರಷ್ಟಿನವು 8. ಇಡೀ ಬ್ಲಾಕಿನ ಅಳತೆ 14 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, 3.5 ಸೆಂ.ಮೀ. ದಪ್ಪ. ಬಡಗಿಗೆ ಇಲ್ಲಿ ಒತ್ತಿ ಹೇಳಬೇಕಾದ ಮಾತೊಂದಿದೆ: ಅಳತೆಯಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಆಗಬಾರದು. ಎರಡು ಅರ್ಧ ಸೇರಿಸಿ ಇಟ್ಟಾಗ ಪಕ್ಕದ ಇಡೀ ಬ್ಲಾಕಿಗೆ ಸರಿಸಮ ಆಗಬೇಕು. ಆಗಲೇ ಮಗುವಿಗೆ ಅರ್ಧ, ಇಡೀ, ದುಪ್ಪಟ್ಟು ಎಂಬುದು ಕೈಯಲ್ಲೇ ಗೊತ್ತಾಗುವುದು. ಅಳತೆ ತಪ್ಪಿದ ಬ್ಲಾಕಿನಲ್ಲಿ ಗೋಪುರ ಹತ್ತನೆಯ ಸಾಲಿಗೇ ವಾಲುತ್ತದೆ, ಮಗು ತನ್ನ ಕೈಯದೇ ತಪ್ಪು ಎಂದುಕೊಳ್ಳುತ್ತದೆ. ಹಲಸಿನ ಮರ ಒಳ್ಳೆಯದು, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಮರ ಬೇಸಗೆಯಲ್ಲಿ ಕುಗ್ಗಿ ಎಲ್ಲ ಲೆಕ್ಕ ಕೆಡಿಸುತ್ತದೆ.

ಎರಡನೇ ಪೆಟ್ಟಿಗೆಯಲ್ಲಿ ತಕ್ಕಡಿ, ತಡಕಿ ಗುರುತಿಸುವ ಚೀಲ, ನೆರಳಾಟದ ಬಿಳಿ ಬಟ್ಟೆ ಮತ್ತು ಟಾರ್ಚು, ಭೂತಗನ್ನಡಿ, ಚೆನ್ನೆಮಣೆ ಇಂಥವು. ತಕ್ಕಡಿಗೆ 60 ಸೆಂ.ಮೀ. ಕೋಲು, ಎರಡು ತೆಂಗಿನ ಗೆರಟೆ, ನಾರಿನ ಹಗ್ಗ ಸಾಕು. ಕೋಲಿನ ನಡುವಿನ ತೂತನ್ನು ಸರಿಯಾಗಿ ಮಧ್ಯದ ಗೆರೆಯ ಮೇಲೆ ಕೊರೆದರೆ ತಕ್ಕಡಿ ನಿಲ್ಲುವುದಿಲ್ಲ, ಒಂದು ಕಡೆಗೆ ಬಿದ್ದೇ ಹೋಗುತ್ತದೆ. ತೂತು ಆ ಗೆರೆಗಿಂತ ಅರ್ಧ ಸೆಂ.ಮೀ. ಮೇಲೆ ಇರಬೇಕು. ತಡಕುವ ಚೀಲದಲ್ಲಿ ಹತ್ತು ಜೋಡಿ: ಅಡಿಕೆ, ಚಿಪ್ಪು, ನಾರಿನ ಉಂಡೆ, ಅಡಿಕೆ ಹಾಳೆಯ ತುಂಡು, ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು, ಹೀಗೆ ಮನೆಯ ಸುತ್ತ ಸಿಗುವಂಥವೇ. ಕಣ್ಣು ಕಾಣದ ಮಗುವೂ ಕಾಣುವ ಮಗುವೂ ಸಮಸಮವಾಗಿ ಆಡಬಹುದಾದ ಆಟ ಇದು, ಸಾಮಾನ್ಯವಾಗಿ ಗೆಲ್ಲುವುದು ಮೊದಲನೆಯದೇ. ಮುಚ್ಚಳದ ಒಳಬದಿಗೆ ಪೆಟ್ಟಿಗೆಯೊಳಗಿನ ಎಲ್ಲ ವಸ್ತುಗಳ ಚಿತ್ರ ಮತ್ತು ಸಂಖ್ಯೆ ಅಂಟಿಸಿಡಿ. ಓದಲು ಬಾರದ ಮಕ್ಕಳೂ ಅದನ್ನು ನೋಡಿ ತಾವೇ ಎಣಿಸಿ ತುಂಬಿಸುತ್ತಾರೆ.

ಚೆನ್ನೆಮಣೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಯುವ ಈ ಮಣೆ ನಮ್ಮ ಮಕ್ಕಳ ಮ್ಯೂಸಿಯಮ್ಮಿಗೆ ಹೇಳಿ ಮಾಡಿಸಿದ ಸಾಮಗ್ರಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಎಣಿಕೆ, ಹಂಚಿಕೆ, ಮುಂದಿನ ನಡೆಯ ಅಂದಾಜು ಎಲ್ಲ ಇದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ ಅಜ್ಜಿಗೆ ಈ ಆಟ ಬರುತ್ತದೆ, ಟೀಚರಿಗೆ ಬಾರದಿರಬಹುದು. ಬೀಡಿ ಕಟ್ಟುತ್ತಾ ಮನೆಯಲ್ಲೇ ಕೂತ ಅಜ್ಜಿಯನ್ನು ಅಂಗನವಾಡಿಗೆ ಕರೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಒಂದು ಪೆಟ್ಟಿಗೆಯಲ್ಲಿ ಎರಡು ಮಣೆ, 120 ಕಾಯಿ ಇಡಿ, ಎಂಟು ಹೆಚ್ಚುವರಿ. ಆದರೆ ಕಾಯಿ ಯಾವುದು ಎಂಬುದರಲ್ಲಿ ಜಾಗ್ರತೆ ಬೇಕು. ಕೆಂಪು ಮೈಗೆ ಕಪ್ಪು ಕಣ್ಣಿರುವ ಗುಲಗಂಜಿ ನೋಡಲು ಚಂದ, ಬೇಲಿಯಲ್ಲೇ ಸಿಗುತ್ತದೆ, ಅಲಂಕಾರಕ್ಕೆಂದು ತಂದುಹಾಕುವವರೂ ಇದ್ದಾರೆ. ಅದರೊಳಗೆ ಅಬ್ರಿನ್ ಎಂಬ ಕಡುವಿಷವಿದೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹೆಚ್ಚಾಗಿ ಹಾಗೆಯೇ ಹೊರಬರುತ್ತದೆ, ಆದರೆ ಜಗಿದ ಕಾಯಿ, ದಾರ ಪೋಣಿಸಲು ತೂತು ಕೊರೆದ ಕಾಯಿ ಜೀವಕ್ಕೇ ಅಪಾಯ. ಮಕ್ಕಳು ಕೂರುವ ಜಾಗಕ್ಕೆ ಅದು ಬರಲೇಬಾರದು. ಪೂರ್ತಿ ಕೆಂಪಾಗಿರುವ ಮಂಜೊಟ್ಟಿ, ಮಲಯಾಳದಲ್ಲಿ ಮಂಜಾಡಿ ಎನ್ನುವುದು, ಅದನ್ನು ಬಳಸಿ. ಅದನ್ನೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು, ಗಂಟಲಲ್ಲೋ ಮೂಗಿನಲ್ಲೋ ಸಿಕ್ಕಿಕೊಳ್ಳುತ್ತದೆ. ಸುಮಾರು 32 ಮಿ.ಮೀ. ಅಡ್ಡಳತೆಯ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ಪ್ರಾಯದವರಿಗೆ ಬೇಡ ಎಂಬುದು ಆಟಿಕೆ ತಯಾರಕರ ಅಳತೆ. ಅಂಥ ಕೊಳವೆಯ ತುಂಡೊಂದನ್ನು ಪ್ರತಿ ಪೆಟ್ಟಿಗೆಯಲ್ಲೂ ಇಟ್ಟುಬಿಡಿ. ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇರುವ ಆಟಿಕೆ ಯಾವ ಪ್ರಾಯದವರಿಗೂ ಬೇಡ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗುತ್ತದೆ. ಟಾರ್ಚಿನ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು.

ನಮ್ಮ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದೆ ದಿಲ್ಲಿ, ಬೆಂಗಳೂರಿನ ಪಟ್ಟಿ ನೋಡಿ ಸಾಮಾನು ತರಿಸಿದರೆ ಜೂನ್ ಜುಲೈ ಕಳೆಯುವಷ್ಟರಲ್ಲಿ ಅರ್ಧ ಹಾಳು. ಒತ್ತಿದ ಹುಡಿಮರದ ಹಲಗೆ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಬಟ್ಟೆ ಬೊಂಬೆಗೆ ಬೂಸ್ಟು ಬರುತ್ತದೆ. ಗೋಡೆಗೆ ತಾಗಿಸಿಟ್ಟ ಮರಕ್ಕೆ ಒರಲೆ (ಗೆದ್ದಲು) ಹತ್ತುತ್ತದೆ. ಕಡಲ ಬದಿಯ ಊರುಗಳಲ್ಲಿ ಕಬ್ಬಿಣದ ಸ್ಕ್ರೂ ಒಂದೇ ವರ್ಷಕ್ಕೆ ತುಕ್ಕು ಹಿಡಿದು ಉದುರುತ್ತದೆ, ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲಿನದೋ ಹಿತ್ತಾಳೆಯದೋ ಬೇಕು. ಬಟ್ಟೆಯ ವಸ್ತುಗಳನ್ನು ಎರಡೆರಡು ಜೊತೆ ಮಾಡಿಸಿ, ಒಂದು ತೊಳೆದು ಒಣಗುವಾಗ ಇನ್ನೊಂದು ಬಳಕೆಯಲ್ಲಿರಲಿ. ಒರಲೆಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುವುದು ನಮ್ಮಲ್ಲಿ ರೂಢಿ. ಮಾಡಿನ ಪಕ್ಕಾಸು ರೀಪುಗಳಿಗೆ ಅದು ಸರಿ, ಮಕ್ಕಳ ಕೈಗೆ ಬರುವ ಮರಕ್ಕೆ ಸರ್ವಥಾ ಬೇಡ. ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಬಣ್ಣ ಬೇಕಾದರೆ ಸೀಸವಿಲ್ಲದ್ದು ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಿ. 2016ರ ಕೇಂದ್ರ ನಿಯಮದ ಪ್ರಕಾರ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರುವಂತಿಲ್ಲ.

ಪೆಟ್ಟಿಗೆಗಳು ಒಂದು ವರ್ಷ ಓಡಾಡಿದ ಮೇಲೆ, ಯಾವ ಊರಿನಲ್ಲಿ ಯಾವ ಆಟ ನಡೆಯಿತು ಎಂಬ ಲೆಕ್ಕ ಕೈಯಲ್ಲಿ ಹಿಡಿದು ಮ್ಯೂಸಿಯಮ್ಮಿಗೆ ಜಾಗ ಹುಡುಕೋಣ. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಮಕ್ಕಳ ಸಂಖ್ಯೆ ಇಳಿದು ಖಾಲಿ ಉಳಿದ ತರಗತಿ ಕೋಣೆಗಳು ಸರಕಾರಿ ಶಾಲೆಗಳಲ್ಲಿ ಇವೆ. ಅಕ್ಕಪಕ್ಕದ ಎರಡು ಕೋಣೆ, ಒಂದು ಜಗಲಿ, ನೆರಳಿರುವ ಅಂಗಳ ಸಿಕ್ಕಿದರೆ 30 ಮಕ್ಕಳಿಗೆ ಧಾರಾಳ.

ಅಲ್ಲಿ ಏನಿರಬೇಕು ಎಂಬುದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇವೆ: ನಮ್ಮ ಸುರಂಗ. ಎಣ್ಮಕಜೆ, ಪೈವಳಿಕೆ, ಬದಿಯಡ್ಕದ ಗುಡ್ಡಗಳ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಈ ಸುರಂಗಗಳಿಂದ ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಹರಿದು ಮನೆಬಾಗಿಲಿಗೆ ಬರುತ್ತದೆ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿಯ ಪದರದಲ್ಲಿ ತಡೆದು ನಿಲ್ಲುತ್ತದೆ. ಅಲ್ಲಿಗೆ ದಾರಿ ಕೊರೆದರೆ ಹೊರಗೆ ಹರಿಯುತ್ತದೆ. ಇದನ್ನು ಒಂದು ಮೇಜಿನ ಮೇಲೆ ಮಾಡಿ ತೋರಿಸಬಹುದು. 60 ಸೆಂ.ಮೀ. ಉದ್ದ, 30 ಅಗಲ, 40 ಎತ್ತರದ ಅಕ್ರಿಲಿಕ್ ತೊಟ್ಟಿ, ದಪ್ಪ 10 ಮಿ.ಮೀ. ತಳಕ್ಕೆ 8 ಸೆಂ.ಮೀ. ಜೇಡಿಮಣ್ಣನ್ನು ನೀರು ಹೊರಬರುವ ಬಾಯಿಯ ಕಡೆಗೆ ತುಸು ಇಳಿಜಾರಾಗಿ ತುಳಿದು ಕೂರಿಸಬೇಕು. ಅದರ ಮೇಲೆ 25 ಮಿ.ಮೀ. ಪೈಪು, ಮೇಲಿನ ಅರ್ಧಕ್ಕೆ ಮಾತ್ರ ಸಣ್ಣ ತೂತು, ಹೊರತುದಿ ಒಳತುದಿಗಿಂತ ಒಂದು ಸೆಂ.ಮೀ. ತಗ್ಗಿಗೆ. ಆಮೇಲೆ 20 ಸೆಂ.ಮೀ. ಮುರಕಲ್ಲಿನ ಚೂರು, ಕಡಲೆಯಿಂದ ನೆಲ್ಲಿಕಾಯಿ ಗಾತ್ರದವರೆಗಿನದು. ಮೇಲೆ ನಾಲ್ಕು ಸೆಂ.ಮೀ. ಮಣ್ಣು, ಅದರ ಅರ್ಧಕ್ಕೆ ಹುಲ್ಲು, ಅರ್ಧ ಬೋಳು. ಮಗು ಗೆರಟೆಯಲ್ಲಿ ನೀರು ಹೊಯ್ಯುತ್ತದೆ, ಕಾಯುತ್ತದೆ. ಆ ಕಾಯುವಿಕೆಯಲ್ಲೇ ಪಾಠ ಇರುವುದು.

ಕೆಡುವುದು ಎಲ್ಲಿ ಎಂದರೆ, ಮುರಕಲ್ಲನ್ನು ತೊಳೆಯದೆ ಹಾಕಿದಲ್ಲಿ. ಅದರ ಹುಡಿ ಎರಡೇ ದಿನದಲ್ಲಿ ಪೈಪಿನ ತೂತು ಮುಚ್ಚುತ್ತದೆ, ನೀರು ಮೇಲೆ ತುಂಬಿ ಚೆಲ್ಲುತ್ತದೆ. ಮೂರು ಸಲ ಜರಡಿಯಲ್ಲಿ ತೊಳೆದು, ಪೈಪಿಗೆ ತೆಂಗಿನ ನಾರು ಸುತ್ತಿದರೆ ತಿಂಗಳುಗಟ್ಟಲೆ ತೊಂದರೆಯಿಲ್ಲ. ತುಂಬಿದ ತೊಟ್ಟಿ 80 ಕಿಲೋ ಮೀರಿ ತೂಗುತ್ತದೆ, ಶಾಲೆಯ ಹಳೆಯ ಡೆಸ್ಕಿನ ಮೇಲೆ ಇಡುವಂತಿಲ್ಲ. ಹೊರಬಂದ ನೀರನ್ನು ಸಂಜೆಗೆ ಚೆಲ್ಲಿ ಪಾತ್ರೆ ಕವುಚಬೇಕು, ಇಲ್ಲವಾದರೆ ಸೊಳ್ಳೆ ಸಾಕಿದ ಹಾಗೆ. ಒಳಗೆ ನಡೆದುಹೋಗುವ ಸುರಂಗವನ್ನೂ ಕಟ್ಟುವ ಆಸೆಯಾದರೆ ಒಂದು ಮಾತು: ನಿಜವಾದ ಸುರಂಗ ಒಬ್ಬ ಆಳು ನುಸುಳುವಷ್ಟೇ ಅಗಲ, ಗಾಲಿಕುರ್ಚಿ ಅದರಲ್ಲಿ ಹೋಗದು. ಮ್ಯೂಸಿಯಮ್ಮಿನದು ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದ, ಎರಡೂ ಕಡೆ ತೆರೆದ ಬಾಯಿ ಇರಲಿ. ಗಾರೆಯಿಲ್ಲದೆ ಕಲ್ಲು ಪೇರಿಸಿ ಮಾಡಬೇಡಿ, ಮಕ್ಕಳು ಹತ್ತುತ್ತಾರೆ, ಕುಸಿಯುತ್ತದೆ.

ಗಾಲಿಕುರ್ಚಿಯ ಮಾತು ಈ ಜಿಲ್ಲೆಯಲ್ಲಿ ಕೊನೆಗೆ ಸೇರಿಸುವ ಮಾತಾಗಬಾರದು. ಗೇರು ತೋಟಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರ ಫಲವನ್ನು ಇಲ್ಲಿನ ಮನೆಮನೆಗಳು ಉಣ್ಣುತ್ತಿವೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಎಲ್ಲ ಆ ಪಟ್ಟಿಯಲ್ಲಿವೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ಮಕ್ಕಳು ಬರಲಾಗದ ಮ್ಯೂಸಿಯಂ ಕಾಸರಗೋಡಿನದ್ದು ಎನಿಸಿಕೊಳ್ಳಲಾರದು. ಅದಕ್ಕೆ ಬೇಕಾದ ಅಳತೆಗಳು ನಿಖರವಾಗಿವೆ. ಇಳಿಜಾರು ಒಂದಕ್ಕೆ ಹನ್ನೆರಡು: ಮೂರು ಮೆಟ್ಟಿಲಿನ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದದ ದಾರಿ, 1.2 ಮೀಟರ್ ಅಗಲ, ಮೇಲೆ ಕೆಳಗೆ 1.5 ಮೀಟರ್ ಸಮತಟ್ಟು ಜಾಗ. ಜಾಗ ಸಾಲದೆಂದು ಎರಡು ಮೀಟರಿಗೆ ಮುಗಿಸಿದ ಇಳಿಜಾರುಗಳು ಎಷ್ಟೋ ಕಚೇರಿಗಳ ಮುಂದಿವೆ. ಅವುಗಳಲ್ಲಿ ತಾಯಿಯೊಬ್ಬಳೇ ಕುರ್ಚಿ ತಳ್ಳಲಾರಳು, ಇಳಿಯುವಾಗ ಕೈಜಾರಿದರೆ ಕುರ್ಚಿ ನೇರ ರಸ್ತೆಗೆ. ನಯವಾದ ಟೈಲ್ಸು ಮಳೆಗೆ ಜಾರುತ್ತದೆ, ಉರುಟು ಮೇಲ್ಮೈ ಬೇಕು. ಬಾಗಿಲಿಗೆ 90 ಸೆಂ.ಮೀ. ಅಗಲ ಇರಲಿ. ಮೇಜು ಎರಡು ಎತ್ತರದವು: ನಾಲ್ಕು ವರ್ಷದ ಮಗು ನಿಂತು ಆಡಲು 50 ಸೆಂ.ಮೀ., ಗಾಲಿಕುರ್ಚಿಯ ಮೊಣಕಾಲು ಒಳಗೆ ಹೋಗಲು ಮೇಜಿನಡಿ 70 ಸೆಂ.ಮೀ. ಖಾಲಿ. ಒಂದೇ ಮೇಜಿನಲ್ಲಿ ಎರಡೂ ಸಾಧ್ಯವಿಲ್ಲ.

ನಕ್ಷೆ ಬರೆಯುವವರು ಸದಾ ಮರೆಯುವುದು ಬಟ್ಟೆ ಬದಲಿಸುವ ಜಾಗವನ್ನು. ಹನ್ನೆರಡು ಹದಿನಾಲ್ಕು ವರ್ಷದ ಮಗುವಿಗೂ ಡಯಾಪರ್ ಬದಲಿಸಬೇಕಾದ ಮನೆಗಳಿವೆ. ಶೌಚಾಲಯದ ಪಕ್ಕ 180 ಸೆಂ.ಮೀ. ಉದ್ದ, 75 ಅಗಲ, 50 ಎತ್ತರದ, ತೊಳೆಯಬಹುದಾದ ಹಾಸಿಗೆಯ ಬೆಂಚು, ಮುಚ್ಚುವ ಬಾಗಿಲು. ಇಷ್ಟೇ ಇಲ್ಲದ್ದಕ್ಕೆ ಆ ಕುಟುಂಬಗಳು ಎರಡು ಗಂಟೆಗಿಂತ ಹೆಚ್ಚು ಹೊತ್ತು ಮನೆಯಿಂದ ಹೊರಗಿರಲಾರವು. ಫಕಫಕ ಮಿನುಗುವ ದೀಪ ಬೇಡ, ಅಪಸ್ಮಾರ ಇರುವ ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ಗದ್ದಲ ಸಹಿಸಲಾರದ ಮಕ್ಕಳಿಗಾಗಿ ವಾರಕ್ಕೆ ಎರಡು ಗಂಟೆ ಮೈಕು, ಹಾಡು, ಗುಂಪು ಇಲ್ಲದ ಹೊತ್ತು ಇರಲಿ. ಅವರ ಅಣ್ಣ ತಂಗಿಯರನ್ನೂ ಜೊತೆಗೇ ಬಿಡಿ. ಹಾಸಿಗೆ ಬಿಟ್ಟು ಏಳಲಾರದ ಮಕ್ಕಳ ಮನೆಗೆ ಪೆಟ್ಟಿಗೆಯೇ ಹೋಗಲಿ.

ಭಾಷೆಯ ವಿಷಯ. ಏಳು ಭಾಷೆಗಳ ಸಂಗಮಭೂಮಿ ಎಂದು ಭಾಷಣದಲ್ಲಿ ಹೇಳುವುದು ಸುಲಭ, ಬೋರ್ಡಿನಲ್ಲಿ ತೋರಿಸುವುದು ಕಷ್ಟ. ಕನ್ನಡ ಮತ್ತು ಮಲಯಾಳ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಎತ್ತರದಲ್ಲಿ ಇರಬೇಕು. ಕನ್ನಡವನ್ನು ಕನ್ನಡದವರೇ ಬರೆಯಬೇಕು, ಏಕೆಂದರೆ ಮಲಯಾಳವನ್ನು ಅಕ್ಷರಕ್ಕಕ್ಷರ ಇಳಿಸಿದರೆ ಅನರ್ಥವಾಗುತ್ತದೆ. ಮಲಯಾಳದಲ್ಲಿ ‘ಅವಧಿ’ ಎಂದರೆ ರಜೆ. ಕನ್ನಡದಲ್ಲಿ ‘ಇಂದು ಅವಧಿ’ ಎಂದು ಬರೆದರೆ ಬಸ್ಸು ಹಿಡಿದು ಬಂದವರಿಗೆ ಬಾಗಿಲು ಯಾಕೆ ಮುಚ್ಚಿದೆ ಎಂಬುದೇ ತಿಳಿಯದು. ‘ಸಂಭಾವನ’ ಎಂದರೆ ಅಲ್ಲಿ ಕೊಡುವ ದೇಣಿಗೆ, ಇಲ್ಲಿ ಪಡೆಯುವ ಗೌರವಧನ. ಎಲ್ಲಕ್ಕಿಂತ ಮುಖ್ಯವಾದ ಮಾತು ‘ಸೌಜನ್ಯ’. ಮಲಯಾಳದಲ್ಲಿ ಅದು ಉಚಿತ, ಕನ್ನಡದಲ್ಲಿ ಸಭ್ಯತೆ. ‘ಪ್ರವೇಶ ಸೌಜನ್ಯ’ ಎಂದು ಬಾಗಿಲಲ್ಲಿ ಬರೆದರೆ, ದುಡ್ಡಿಲ್ಲದೆ ಒಳಗೆ ಹೋಗಬಹುದು ಎಂಬುದು ಆ ಮಾತು ಅತ್ಯಂತ ಅಗತ್ಯವಾಗಿ ತಿಳಿಯಬೇಕಾದವರಿಗೇ ತಿಳಿಯುವುದಿಲ್ಲ. ಒಳಗಿನ ಬರಹ ಚಿಕ್ಕದಿರಲಿ, ‘ನೀರು ಹೊಯ್ಯಿ. ಎಲ್ಲಿಂದ ಬರುತ್ತದೆ ನೋಡು’ ಇಷ್ಟು. ಮಕ್ಕಳ ಕಣ್ಣಿನ ಎತ್ತರ ನೆಲದಿಂದ ಒಂದು ಮೀಟರ್ ಆಸುಪಾಸು, ಬೋರ್ಡು ಅಲ್ಲಿರಬೇಕು. ತುಳು, ಬ್ಯಾರಿ, ಕೊಂಕಣಿ, ಮರಾಠಿಗಳಿಗೆ ಬೋರ್ಡಿಗಿಂತ ಬಾಯಿ ಮುಖ್ಯ. ಸಹಾಯಕರನ್ನು ಆರಿಸುವಾಗ ಆ ಮಾತು ಬಲ್ಲವರು ಸೇರಿರುವಂತೆ ನೋಡಿಕೊಳ್ಳಿ.

ಟಿಕೆಟು. ಅಮೆರಿಕದಲ್ಲಿ 2014ರಲ್ಲಿ ಶುರುವಾದ ‘ಮ್ಯೂಸಿಯಮ್ಸ್ ಫಾರ್ ಆಲ್’ ಎಂಬ ವ್ಯವಸ್ಥೆಯಲ್ಲಿ ಬಡ ಕುಟುಂಬಗಳು ಸರಕಾರದ ಆಹಾರ ನೆರವಿನ ಕಾರ್ಡು ತೋರಿಸಿದರೆ ನಾಲ್ವರವರೆಗೆ ಉಚಿತವಾಗಿ, ಇಲ್ಲವೇ ತಲೆಗೆ ಮೂರು ಡಾಲರಿನೊಳಗೆ ಪ್ರವೇಶ ಸಿಗುತ್ತದೆ. ಅದರಿಂದ ನಾವು ತೆಗೆದುಕೊಳ್ಳಬೇಕಾದ ಒಳ್ಳೆಯ ನಿಯಮ ಒಂದಿದೆ: ರಿಯಾಯಿತಿ ತೆರೆದಿರುವ ಎಲ್ಲ ದಿನ, ಎಲ್ಲ ಹೊತ್ತಿಗೂ ಇರಬೇಕು, ಬಡವರಿಗೆಂದು ಬೇರೆ ದಿನ ಇಡುವಂತಿಲ್ಲ. ಇಲ್ಲಿ ಹಳದಿ, ಗುಲಾಬಿ ರೇಶನ್ ಕಾರ್ಡು ತೋರಿಸಿ ಎಂದು ಮಾಡಬಹುದು. ಆದರೆ ಸಾಲಿನಲ್ಲಿ ನಿಂತು ಎಲ್ಲರೆದುರು ಕಾರ್ಡಿನ ಬಣ್ಣ ತೋರಿಸುವುದು ಮಕ್ಕಳಿಗೆ ಮುಜುಗರ. ಹದಿನಾಲ್ಕರೊಳಗಿನ ಎಲ್ಲ ಮಕ್ಕಳಿಗೂ ಜೊತೆಗೆ ಬಂದ ಒಬ್ಬ ಹಿರಿಯರಿಗೂ ಶುಲ್ಕವೇ ಬೇಡ ಎಂಬುದು ನಮ್ಮ ಅಭಿಪ್ರಾಯ.

ನಿಜವಾದ ಖರ್ಚು ಟಿಕೆಟಿನದ್ದಲ್ಲ, ಬಸ್ಸಿನದ್ದು ಮತ್ತು ಕಳೆದುಕೊಳ್ಳುವ ಒಂದು ದಿನದ ಮಜೂರಿಯದ್ದು. ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ಕಲ್ಲುಕೋರೆಯವರು ವಾರದ ನಡುವೆ ಮಕ್ಕಳನ್ನು ಕರೆತರಲಾರರು. ಭಾನುವಾರ ಮತ್ತು ಏಪ್ರಿಲ್ ಮೇ ರಜೆಯಲ್ಲಿ ತೆರೆದಿರಲೇಬೇಕು, ಶುಕ್ರವಾರ ಮಧ್ಯಾಹ್ನ ಜುಮಾದ ಬಿಡುವಿರಲಿ, ವಾರದ ರಜೆ ಸೋಮವಾರಕ್ಕೆ ಸಾಕು. ಒಳಗಿನ ಊರುಗಳಿಗೆ ಕೊನೆಯ ಬಸ್ಸು ಬೇಗ ಹೋಗುತ್ತದೆ. ಕತೆ, ನೆರಳಾಟ ಎಲ್ಲ ಮಧ್ಯಾಹ್ನ ಮೂರೂವರೆಗೆ ಮುಗಿಯಲಿ. ಕಟ್ಟಿ ತಂದ ಬುತ್ತಿ ಉಣ್ಣಲು ಜಗಲಿಯಲ್ಲಿ ಜಾಗ, ಕುಡಿಯುವ ನೀರು ಬೇಕು. ಹಲವು ಬಡ್ಸ್ ಶಾಲೆಗಳಿಗೆ ಸ್ವಂತ ವಾಹನವಿದೆ, ರಜಾದಿನ ಅದು ಶೆಡ್ಡಿನಲ್ಲಿ ನಿಂತಿರುತ್ತದೆ. ಡೀಸೆಲು ಮತ್ತು ಚಾಲಕರ ಬತ್ತೆ ಪಂಚಾಯತು ಕೊಟ್ಟರೆ ತಿಂಗಳಿಗೆ ಎರಡು ಭಾನುವಾರ ಅದು ವಾರ್ಡುಗಳಿಂದ ಕುಟುಂಬಗಳನ್ನು ಕರೆತಂದು ಬಿಡಬಹುದು. ಕೊರಗ ಮತ್ತು ಮಾವಿಲ ಕುಟುಂಬಗಳ ಊರುಗಳಿಗೆ ಮೊದಲ ಸರದಿ ಕೊಡಿ. ದಿನ ಯಾವುದೆಂದು ತಮ್ಮ ಊರಿನ ಸಭೆಯಾದ ಊರುಕೂಟದಲ್ಲಿ ಅವರೇ ಹೇಳಲಿ. ಪೂರ್ವದ ಅಂಚಿನ ದೇಲಂಪಾಡಿ, ಬೆಳ್ಳೂರಿನವರಿಗೆ ಕಾಸರಗೋಡು ಪೇಟೆ ದೂರ, ಹಾಗಾಗಿ ಕೇಂದ್ರ ಬದಿಯಡ್ಕ ಅಥವಾ ಮುಳ್ಳೇರಿಯ ಆಸುಪಾಸು ಇದ್ದರೆ ಒಳಿತು. ದಕ್ಷಿಣಕ್ಕೆ ವೆಳ್ಳರಿಕುಂಡು ತಾಲೂಕಿನಲ್ಲಿ ಇನ್ನೊಂದು ಬೇಕಾದೀತು.

ಕೊನೆಯದಾಗಿ, ಅಲ್ಲಿ ನಿಲ್ಲುವವರು. ಹತ್ತು ಮಕ್ಕಳಿಗೆ ಒಬ್ಬರು ಸಹಾಯಕರು ಬೇಕು. ಕುಟುಂಬಶ್ರೀಯ ಮಹಿಳೆಯರು ಇದಕ್ಕೆ ತಕ್ಕವರು, ಮೂರು ದಿನದ ತರಬೇತಿ ಸಾಕು. ಆ ಮೂರು ದಿನದಲ್ಲಿ ಕಲಿಸಬೇಕಾದ್ದು ವಿಜ್ಞಾನಕ್ಕಿಂತ ಹೆಚ್ಚಾಗಿ ಬಾಯಿ ಕಟ್ಟಿಕೊಳ್ಳುವುದನ್ನು. ತಕ್ಕಡಿ ವಾಲಿದೊಡನೆ ‘ಹಾಗಲ್ಲ, ಹೀಗೆ’ ಎಂದು ಕೈ ಹಾಕಿದರೆ ಮಗುವಿನ ಆಟ ಅಲ್ಲಿಗೆ ಮುಗಿಯಿತು. ‘ಏನಾಯಿತು?’, ‘ಇನ್ನೊಂದು ಸಲ ಮಾಡಿದರೆ?’, ‘ಈ ಕಡೆ ಒಂದು ತೆಗೆದರೆ?’ ಎಂಬ ಮೂರು ಮಾತುಗಳಲ್ಲಿ ಇಡೀ ದಿನ ಕಳೆಯಬಹುದು. ಸ್ಪರ್ಧೆ, ಬಹುಮಾನ, ‘ಯಾವ ಕ್ಲಾಸು, ಎಷ್ಟು ಮಾರ್ಕು’ ಬೇಡ. ದುಡಿದ ದಿನಕ್ಕೆ ಸಂಬಳ ಕೊಡಿ. ಸ್ವಯಂಸೇವೆ ಎಂದು ಶುರುವಾದದ್ದು ಮೊದಲ ಮಳೆಗಾಲ ದಾಟುವುದಿಲ್ಲ. ಯೋಜನೆಯಲ್ಲಿ ನೂರು ರೂಪಾಯಿ ಇಟ್ಟರೆ ನಲವತ್ತು ರೂಪಾಯಿ ಕೋಣೆ ಮತ್ತು ಸಾಮಗ್ರಿಗೆ, ಉಳಿದ ಅರವತ್ತು ರೂಪಾಯಿ ಮೂರು ವರ್ಷದ ಸಂಬಳ, ದುರಸ್ತಿ, ಬಸ್ಸಿಗೆ ಎಂದು ಮೊದಲೇ ಬರೆದಿಡಿ. ಉದ್ಘಾಟನೆಯ ದಿನವೇ ಹಣ ಮುಗಿದ ಕೇಂದ್ರದಲ್ಲಿ ಮುರಿದ ಮೊದಲ ಭೂತಗನ್ನಡಿಯೇ ಕೊನೆಯ ಭೂತಗನ್ನಡಿ.

ಸ್ಟಾಕ್ ರಿಜಿಸ್ಟರಿನ ಆದೇಶ ಜೂನ್ ಒಂದರ ಶಾಲಾರಂಭಕ್ಕೆ ಮುನ್ನ ಬರಬೇಕೆಂದು ಕೇಳುತ್ತೇವೆ. ಅದರ ಕರಡನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ನಾವೇ ಬರೆದು ಕೊಡಲು ಸಿದ್ಧರಿದ್ದೇವೆ. ಪೆಟ್ಟಿಗೆಯ ಒಂದು ಪೂರ್ಣ ಸೆಟ್ಟನ್ನು ನಿಮ್ಮ ಮುಂದಿನ ಸಭೆಗೆ ತರುತ್ತೇವೆ. ಅರ್ಧ ಗಂಟೆ ಹೊತ್ತು ಮೇಜಿನ ಮೇಲಿನ ಕಡತಗಳನ್ನು ಬದಿಗಿಟ್ಟು ಸದಸ್ಯರೆಲ್ಲ ಬ್ಲಾಕು ಜೋಡಿಸಿ, ಚೆನ್ನೆಮಣೆಯಾಡಿ ನೋಡಬೇಕು, ಆಮೇಲೆ ಚರ್ಚೆಗೆ ಕೂರೋಣ.

ಇತಿ,
ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಮಕ್ಕಳ ಆಟ ಮತ್ತು ಕಲಿಕೆಯ ಕೆಲಸದಲ್ಲಿರುವ ಅಧ್ಯಾಪಕರು, ಅಂಗನವಾಡಿ ಟೀಚರುಗಳು, ಆಟಿಕೆ ಮಾಡುವ ಬಡಗಿಗಳು